ಜೊಂಡಿನ ಉಸಿರು, ಹುಳುವಿನ ಉಸಿರು

ಕೊಳೆಯದ ಬೇರು

ತುಳಸಿಯ ಕುಂಡದ ತಳದ ರಂಧ್ರ ಮಣ್ಣಿನಿಂದ ಮುಚ್ಚಿಹೋಗಿ, ಎರೆದ ನೀರು ಬಸಿಯದೆ ಒಳಗೇ ನಿಂತರೆ, ಕೆಲವೇ ದಿನಗಳಲ್ಲಿ ಎಲೆಗಳು ಹಳದಿಗೆ ತಿರುಗಿ, ಬೇರು ಕಪ್ಪಾಗಿ ಕೊಳೆತು, ಗಿಡ ಸಾಯುವುದೆಂಬುದನ್ನು ಅರಿಯದ ಮನೆಯಿಲ್ಲ. ಬಸಿಗಾಲುವೆಗಳು ಹೂಳಿಹೋದ ವರ್ಷ ಅಡಕೆಯ ಮರಗಳು ಸೊರಗುವುದನ್ನು ತೋಟಗಾರರೆಲ್ಲರೂ ಕಂಡಿದ್ದಾರೆ. ಹೀಗಿರುವಲ್ಲಿ, ಊರ ಮುಂದಿನ ಕೆರೆಯ ಅಂಚಿನಲ್ಲಿ ವರ್ಷದ ಬಹುಭಾಗ ಮೊಣಕಾಲುದ್ದ ನೀರಿನಲ್ಲಿ ನಿಂತು, ಆ ನೀರಿಗೂ ಕೆಳಗಿನ ಕಪ್ಪು ಕೆಸರಿನಲ್ಲಿ ಬೇರುಬಿಟ್ಟು, ಆಳೆತ್ತರವನ್ನೂ ಮೀರಿ ಬೆಳೆದು, ತುದಿಯಲ್ಲಿ ಕಂದುಬಣ್ಣದ ನೀಳವಾದ ಕದಿರನ್ನು ಹೊತ್ತುಕೊಳ್ಳುವ ಜೊಂಡು ಮಾತ್ರ ಏಕೆ ಕೊಳೆಯುವುದಿಲ್ಲ? ಕೆಲವು ಸೀಮೆಗಳಲ್ಲಿ ಆಪು ಎಂದೂ ಆನೆಜೊಂಡೆಂದೂ ಕರೆಯಲ್ಪಡುವ, ಸಸ್ಯಶಾಸ್ತ್ರದಲ್ಲಿ ಟೈಫಾ ಎಂಬ ಹೆಸರುಳ್ಳ ಈ ಗಿಡಕ್ಕೆ ನೀರಿನ ಅತಿಶಯ ಅಪಾಯವಾಗದೆ ಆಶ್ರಯವಾದುದು ಹೇಗೆ?

ಈ ಪ್ರಶ್ನೆಗೆ ಅಂಟಿಕೊಂಡೇ ಬರುವ ಇನ್ನೊಂದು ಪ್ರಶ್ನೆಯಿದೆ. ಅದನ್ನು ಕೇಳುವವರು ವಿರಳ. ಉತ್ತರ ಅಮೆರಿಕದ ಜವುಗುನೆಲಗಳಲ್ಲಿ, ಸುಳಿ ಒಣಗಿದ ಜೊಂಡೊಂದನ್ನು ಬುಡಸಹಿತ ಕಿತ್ತು ದಂಟನ್ನು ಸೀಳಿದರೆ, ನೀರಿನ ಮಟ್ಟಕ್ಕಿಂತ ಕೆಳಗಿನ ಭಾಗದಲ್ಲಿ, ಸುತ್ತಲೂ ನೀರೇ ಆವರಿಸಿರುವ ಸ್ಥಳದಲ್ಲಿ, ಬೆರಳುದ್ದದ ಹುಳುವೊಂದು ನಿಶ್ಚಿಂತೆಯಿಂದ ಮೇಯುತ್ತಿರುವುದು ಎಷ್ಟೋ ಬಾರಿ ಕಾಣುತ್ತದೆ. ಅದು ಪತಂಗದ ಮರಿ. ಮೀನಿಗಿರುವ ಕಿವಿರು ಅದಕ್ಕಿಲ್ಲ. ಗಾಳಿಯನ್ನೇ ಸೇವಿಸಿ ಬದುಕಬೇಕಾದ ಜೀವ. ಅದು ಉಸಿರುಕಟ್ಟಿ ಸಾಯದಿರುವುದು ಹೇಗೆ?

ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ. ಅಷ್ಟೇ ಅಲ್ಲ, ಜೊಂಡನ್ನು ಕೊಳಗಳಲ್ಲಿ ಅಕ್ಕರೆಯಿಂದ ಬೆಳೆಸುವವರು ಅದಕ್ಕೆ ತಗಲುವ ಕೀಟಗಳನ್ನು ಗುರುತಿಸುವ ವಿಧಾನವೂ ಅವನ್ನು ಹತೋಟಿಗೆ ತರುವ ಉಪಾಯವೂ ಆ ಉತ್ತರದೊಳಗೇ ಇವೆ.

ಎಲೆಯನ್ನು ಅಡ್ಡಲಾಗಿ ಕೊಯ್ದರೆ

ಬೇರಿಗೂ ಉಸಿರು ಬೇಕು. ಎಲೆ ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆಯು ಬೇರಿಗೆ ಇಳಿದುಬಂದರೂ, ಅದರಿಂದ ಶಕ್ತಿಯನ್ನು ಪಡೆಯಲು ಬೇರಿನ ಪ್ರತಿಯೊಂದು ಜೀವಕೋಶಕ್ಕೂ ಆಮ್ಲಜನಕ ಆವಶ್ಯಕ. ಸಡಿಲವಾದ ಮಣ್ಣಿನಲ್ಲಿ ಕಣಗಳ ನಡುವಣ ಸಂದುಗಳು ಗಾಳಿಯಿಂದ ತುಂಬಿರುವ ಕಾರಣ ಈ ಆವಶ್ಯಕತೆ ತಾನಾಗಿಯೇ ಪೂರೈಸಿಹೋಗುತ್ತದೆ. ಸಂದುಗಳಲ್ಲಿ ನೀರು ತುಂಬಿತೆಂದರೆ ಸ್ಥಿತಿ ಸಂಪೂರ್ಣವಾಗಿ ಬದಲಾಗುವುದು; ಏಕೆಂದರೆ ನಿಶ್ಚಲವಾದ ನೀರಿನಲ್ಲಿ ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಕೆಸರಿನಲ್ಲಿ ಉಳಿದಿದ್ದ ಅಲ್ಪಸ್ವಲ್ಪವನ್ನು ಸೂಕ್ಷ್ಮಾಣುಗಳು ಬೇಗನೆ ತೀರಿಸಿಬಿಡುತ್ತವೆ. ತುಳಸಿಯ ಬೇರು ನೀರು ಹೆಚ್ಚಾದುದರಿಂದ ಸತ್ತಿತೆಂದು ನಾವು ಹೇಳುತ್ತೇವೆ. ನಿಜವಾಗಿ ಅದು ಸತ್ತದ್ದು ಉಸಿರಿಲ್ಲದೆ.

ಈಗ ಜೊಂಡಿನ ಒಂದು ಎಲೆಯನ್ನು ತೆಗೆದುಕೊಂಡು, ಬುಡಕ್ಕೆ ಸಮೀಪವಾಗಿ ಹರಿತವಾದ ಬ್ಲೇಡಿನಿಂದ ಅಡ್ಡಲಾಗಿ ಕೊಯ್ದು, ಕೊಯ್ದ ಮುಖವನ್ನು ಬೆಳಕಿಗೆ ಹಿಡಿದು ನೋಡಬೇಕು. ಹೊರಗಿನಿಂದ ದಪ್ಪವಾಗಿಯೂ ಗಟ್ಟಿಯಾಗಿಯೂ ತೋರುತ್ತಿದ್ದ ಎಲೆ ಒಳಗೆ ಬಹುಮಟ್ಟಿಗೆ ಬರಿದಾಗಿರುವುದು ಕಂಡುಬರುತ್ತದೆ. ಆಚೆಗೊಂದು ಈಚೆಗೊಂದು ಹಸಿರು ಗೋಡೆ; ಅವೆರಡನ್ನೂ ಕೂಡಿಸುವ ತೆಳುವಾದ ತಡಿಕೆಗಳು; ತಡಿಕೆ ತಡಿಕೆಗಳ ನಡುವೆ ಬರಿಗಣ್ಣಿಗೇ ಕಾಣುವಷ್ಟು ದೊಡ್ಡವಾದ, ಸಾಲಾಗಿ ಜೋಡಿಸಿದ ಕೋಣೆಗಳು. ಅದೇ ಎಲೆಯನ್ನು ಉದ್ದಕ್ಕೆ ಸೀಳಿ ನೋಡಿದರೆ, ಆ ಕೋಣೆಗಳು ಬುಡದಿಂದ ತುದಿಯವರೆಗೆ ಸಾಗುವ ನಾಳಗಳೆಂದೂ, ನಾಳಗಳಿಗೆ ಅಲ್ಲಲ್ಲಿ ಬಿಳಿಯ ತೆಳುಪರದೆಗಳು ಅಡ್ಡಲಾಗಿರುವುವೆಂದೂ ತಿಳಿಯುತ್ತದೆ. ಪರದೆಗಳು ನಕ್ಷತ್ರಾಕಾರದ ಜೀವಕೋಶಗಳಿಂದಾದವು. ಆ ಕೋಶಗಳ ತೋಳುಗಳ ನಡುವೆ ಗಾಳಿ ನುಸುಳಬಲ್ಲದು, ಆದರೆ ನೀರು ಸುಲಭವಾಗಿ ನುಗ್ಗಲಾರದು. ಎಲೆಯ ತುಂಡನ್ನು ನೀರಿನಲ್ಲಿ ಮುಳುಗಿಸಿ ಮೆಲ್ಲಗೆ ಹಿಸುಕಿದರೆ ಕೊಯ್ದ ತುದಿಯಿಂದ ಗುಳ್ಳೆಗಳು ಸಾಲುಸಾಲಾಗಿ ಮೇಲೇಳುತ್ತವೆ.

ಸಸ್ಯಶಾಸ್ತ್ರಜ್ಞರು ಏರೆಂಕೈಮ ಎಂದು ಕರೆಯುವ ಈ ರಚನೆಯನ್ನು ನಾವು ಗಾಳಿಗೂಡು ಎನ್ನೋಣ. ಅದು ಎಲೆಯಲ್ಲಿಯೇ ಮುಗಿಯುವುದಿಲ್ಲ. ಕೆಸರಿನಲ್ಲಿ ಅಡ್ಡಡ್ಡವಾಗಿ ಹರಿದು ಹೊಸ ಮೊಳಕೆಗಳನ್ನು ಕೊಡುವ ಗುಪ್ತಕಾಂಡದಲ್ಲಿಯೂ ಅದರಿಂದ ಹೊರಟ ಬೇರುಗಳಲ್ಲಿಯೂ ಮುಂದುವರಿಯುತ್ತದೆ. ಗಾಳಿ ಅಲ್ಲಿಯವರೆಗೆ ತಲುಪುತ್ತದೆ ಎಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷ್ಯವೇ ಇದೆ. ಕಪ್ಪು ಕೆಸರಿನಿಂದ ಕಿತ್ತ ಎಳೆಯ ಬೇರನ್ನು ತೊಳೆದು ನೋಡಿದರೆ ಅದರ ಮೈಗೆ ಅನೇಕ ವೇಳೆ ಕಾವಿಬಣ್ಣದ ಲೇಪ ಹತ್ತಿರುತ್ತದೆ. ಬೇರಿನಿಂದ ಸೋರಿದ ಆಮ್ಲಜನಕವು ಕೆಸರಿನಲ್ಲಿ ಕರಗಿದ್ದ ಕಬ್ಬಿಣವನ್ನು ಅಲ್ಲಿಯೇ ತುಕ್ಕಾಗಿಸಿದ ಗುರುತು ಅದು.

ಪರಂಗಿಯ ದಂಟು

ಕೆರೆಯಲ್ಲಿ ಈಜುವ ಹುಡುಗರು ಪರಂಗಿ ಎಲೆಯ ಟೊಳ್ಳು ದಂಟಿನ ಒಂದು ತುದಿಯನ್ನು ಬಾಯಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ನೀರಿನ ಮೇಲೆ ಚಾಚಿ, ತಲೆ ಮುಳುಗಿಸಿಕೊಂಡು ಕುಳಿತಿರುವ ಆಟವುಂಟು. ಜೊಂಡಿನ ಗುಪ್ತಕಾಂಡ ಕೆಸರಿನಲ್ಲಿ ಮಾಡುವುದೂ ಇದನ್ನೇ. ಎಲೆಗಳೇ ಅದರ ಪರಂಗಿಯ ದಂಟುಗಳು. ಆದರೆ ಹುಡುಗನು ಎದೆಯನ್ನು ಹಿಗ್ಗಿಸಿ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳಬಲ್ಲ. ಎದೆಯಿಲ್ಲದ, ಪುಪ್ಪುಸವಿಲ್ಲದ ಗಿಡ ಗಾಳಿಯನ್ನು ಎಳೆಯುವುದು ಹೇಗೆ? ಬಹುಕಾಲ ವಿಜ್ಞಾನಿಗಳು, ಗಾಳಿ ತಾನಾಗಿಯೇ ನಿಧಾನವಾಗಿ ಕೆಳಕ್ಕೆ ಹರಡುವುದೆಂದು ಭಾವಿಸಿದ್ದರು. 1980ರಲ್ಲಿ ಜಾನ್ ಡೇಸಿ ಎಂಬವರು ಹಳದಿ ನೈದಿಲೆಯ ಜಾತಿಯೊಂದರೊಳಗೆ ಗಾಳಿ ಕೇವಲ ಹರಡುವುದಲ್ಲ, ಪ್ರವಾಹವಾಗಿ ಬೀಸುತ್ತದೆ ಎಂಬುದನ್ನು ತೋರಿಸಿದ ಮೇಲೆ ದೃಷ್ಟಿ ಬದಲಾಯಿತು. 1992ರಲ್ಲಿ ಹಾನ್ಸ್ ಬ್ರಿಕ್ಸ್ ಮತ್ತು ಅವರ ಸಹೋದ್ಯೋಗಿಗಳು ಜೊಂಡೂ ಸೇರಿದಂತೆ ಅನೇಕ ಜವುಗುಸಸ್ಯಗಳಲ್ಲಿ ಈ ಒಳಗಾಳಿಯನ್ನು ಅಳೆದರು.

ಅದರ ತತ್ತ್ವ ಇಷ್ಟು. ಎಲೆಯ ಒಳಭಾಗ ಸದಾ ತೇವವಾಗಿರುತ್ತದೆ; ಹೊರಗಿನ ಹವೆ ಅದಕ್ಕಿಂತ ಶುಷ್ಕ. ಒಳಗೆ ನೀರಾವಿ ಸ್ಥಳವನ್ನು ಆಕ್ರಮಿಸಿಕೊಂಡಿರುವುದರಿಂದ ಅಲ್ಲಿ ಆಮ್ಲಜನಕ ಸಾರಜನಕಗಳ ಪಾಲು ಹೊರಗಿನದಕ್ಕಿಂತ ತುಸು ಕಡಮೆಯಾಗಿರುತ್ತದೆ. ಹೆಚ್ಚು ಇರುವ ಕಡೆಯಿಂದ ಕಡಮೆ ಇರುವ ಕಡೆಗೆ ಹರಡುವುದು ಅನಿಲಗಳ ಸ್ವಭಾವವಾದುದರಿಂದ, ಹೊರಗಿನ ಗಾಳಿ ಎಲೆಯ ಅತಿಸೂಕ್ಷ್ಮ ರಂಧ್ರಗಳ ಮೂಲಕ ಒಳಗೆ ಬರುತ್ತಲೇ ಇರುವುದು. ಗಿಡ ಬೇರಿನಿಂದ ನೀರನ್ನು ಮೇಲಕ್ಕೆಳೆದು ಒಳಗಿನ ತೇವವನ್ನು ಕಾಪಾಡಿಕೊಳ್ಳುತ್ತಿರುವುದರಿಂದ ಈ ಬರವು ನಿಲ್ಲುವುದೂ ಇಲ್ಲ. ಒಳಗೆ ಒತ್ತಡ ಏರುತ್ತದೆ. ರಂಧ್ರಗಳು ಬಹಳ ಕಿರಿದಾದ ಕಾರಣ, ಏರಿದ ಒತ್ತಡದ ಗಾಳಿ ಬಂದ ದಾರಿಯಲ್ಲಿಯೇ ಹಿಂದಿರುಗುವುದಕ್ಕಿಂತ ಗಾಳಿಗೂಡಿನ ಅಗಲವಾದ ನಾಳಗಳಲ್ಲಿ ಕೆಳಕ್ಕೆ ಹರಿಯುವುದು ಸುಲಭ. ಹೀಗೆ ಅದು ಎಲೆಯಿಂದ ಗುಪ್ತಕಾಂಡಕ್ಕಿಳಿದು, ಅಲ್ಲಿ ಆಮ್ಲಜನಕವನ್ನು ಒಪ್ಪಿಸಿ, ಕೆಸರಿನ ಅನಿಲಗಳನ್ನು ಕೂಡಿಸಿಕೊಂಡು, ಹಳೆಯ ಎಲೆಗಳ ಮತ್ತು ಮುರಿದ ದಂಟುಗಳ ಮೂಲಕ ಹೊರಬೀಳುತ್ತದೆ. ಬಿಸಿಲೇರಿದ ಹಗಲಿನಲ್ಲಿ ಈ ಪ್ರವಾಹ ರಭಸವಾಗಿಯೂ ರಾತ್ರಿಯಲ್ಲಿ ಮಂದವಾಗಿಯೂ ಇರುತ್ತದೆ.

ಇಲ್ಲಿ ಒಂದು ಅಂಶವನ್ನು ವಾಚಕರು ವಿಶೇಷವಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಒಣಗಿ ಬಣ್ಣಗೆಟ್ಟು ನಿಂತ ಜೊಂಡಿನ ದಂಟು ಸತ್ತುಹೋದರೂ ವ್ಯರ್ಥವಾದುದಲ್ಲ. ಗಾಳಿಗೆ ಅದು ಹೊರದಾರಿ. ಎಲೆಗಳೆಲ್ಲ ಒಣಗಿದ ಚಳಿಗಾಲದಲ್ಲಿ, ಕೆಸರಿನೊಳಗೆ ಮಲಗಿರುವ ಗುಪ್ತಕಾಂಡಕ್ಕೆ ಹೊರಲೋಕದೊಡನೆ ಉಳಿಯುವ ಸಂಪರ್ಕವೂ ಅದೊಂದೇ.

ಕ್ಲಾಸೆನ್ ನೋಡಿದ ಜವುಗು

ಪ್ರಥಮ ಮಹಾಯುದ್ಧದ ಕಾಲದ ಆಹಾರಚಿಂತೆ ಇನ್ನೂ ಆರಿರದಿದ್ದಾಗ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಕೀಟಶಾಸ್ತ್ರಜ್ಞ ಪೀಟರ್ ಕ್ಲಾಸೆನ್ 1919ರಲ್ಲಿ ಒಂದು ಲೇಖನವನ್ನು ಬರೆದು, ಜೊಂಡಿನ ಗುಪ್ತಕಾಂಡದಲ್ಲಿರುವ ಪಿಷ್ಟದಿಂದ ಎಕರೆಗೆ ಸುಮಾರು 5,500 ಪೌಂಡು ಹಿಟ್ಟು ದೊರೆಯಬಹುದೆಂದು ಲೆಕ್ಕ ಹಾಕಿ ತೋರಿಸಿದರು. ಆ ಹಿಟ್ಟು ಜನರ ಅಡುಗೆಮನೆಗೆ ಬರಲಿಲ್ಲ. ಆದರೆ ಜವುಗಿನಲ್ಲಿ ಗಿಡದಿಂದ ಗಿಡಕ್ಕೆ ಅಲೆದ ಆ ಶ್ರಮ ನಿಷ್ಫಲವಾಗಲಿಲ್ಲ. 1921ರಲ್ಲಿ ಕಾರ್ನೆಲ್ ಕೃಷಿ ಪ್ರಯೋಗ ಕೇಂದ್ರವು ಪ್ರಕಟಿಸಿದ, ಜೊಂಡನ್ನು ಆಶ್ರಯಿಸಿದ ಕೀಟಗಳನ್ನೂ ಅವುಗಳ ಪರಸ್ಪರ ಸಂಬಂಧಗಳನ್ನೂ ಕುರಿತ ಅವರ ಪ್ರಬಂಧ ಈ ವಿಷಯದಲ್ಲಿ ಇಂದಿಗೂ ಮೊದಲು ನೆನೆಯಬೇಕಾದ ಕೃತಿ. ಎಲೆಯೊಂದು, ದಂಟೊಂದು, ಬುಡವೊಂದು, ಕದಿರೊಂದು, ಹೀಗೆ ಗಿಡದ ಒಂದೊಂದು ಅಂಗವೂ ಬೇರೆ ಬೇರೆ ಕೀಟಕ್ಕೆ ಮನೆಯಾಗಿರುವುದನ್ನು ಅದು ವಿವರಿಸುತ್ತದೆ.

ಕೀಟವನ್ನು ಗುರುತಿಸುವುದೆಂದರೆ ಅದರ ರೆಕ್ಕೆಯ ಗೆರೆಗಳನ್ನು ಎಣಿಸುವುದೆಂದು ಅನೇಕರ ಭಾವನೆ. ತಜ್ಞರಿಗೆ ಅದು ಬೇಕು. ಕೊಳದ ದಡದಲ್ಲಿ ನಿಂತವನಿಗೆ ಮಾತ್ರ, ಈ ಪ್ರಾಣಿ ಗಿಡದ ಯಾವ ಭಾಗದಲ್ಲಿದೆ, ಮತ್ತು ಅಲ್ಲಿ ಅದಕ್ಕೆ ಉಸಿರು ಎಲ್ಲಿಂದ ಬರುತ್ತದೆ ಎಂಬ ಎರಡು ಪ್ರಶ್ನೆಗಳೇ ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ.

ದಂಟಿನೊಳಗಿನ ಹುಳು

ಭತ್ತದ ಗದ್ದೆಯಲ್ಲಿ ಸುತ್ತಣ ಎಲೆಗಳೆಲ್ಲ ಹಸಿರಾಗಿದ್ದು ನಡುವಿನ ಸುಳಿ ಮಾತ್ರ ಒಣಗಿದ್ದರೆ, ಕಾಂಡಕೊರಕ ಬಿದ್ದಿದೆಯೆಂದು ರೈತನಿಗೆ ಹೇಳಿಕೊಡಬೇಕಾದುದಿಲ್ಲ. ಜೊಂಡಿನಲ್ಲಿಯೂ ಲಕ್ಷಣ ಅದೇ. ನಡುವಿನ ಎಲೆ ಹಳದಿಯಾಗಿ ಬಾಗಿದೆ. ಹಿಡಿದೆಳೆದರೆ ಸಲೀಸಾಗಿ ಕಳಚಿ ಬರುತ್ತದೆ. ದಂಟಿನ ಪಕ್ಕದಲ್ಲಿ ಗುಂಡನೆಯ ತೂತು, ತೂತಿನ ಬಾಯಲ್ಲಿ ಒದ್ದೆಯಾದ ಹಿಕ್ಕೆ.

ಅಮೆರಿಕದ ಪೂರ್ವಭಾಗದಲ್ಲಿ ಈ ಕೆಲಸ ಮಾಡುವ ಹುಳುಗಳಲ್ಲಿ ಮುಖ್ಯವಾದುದು ಬೆಲ್ಯೂರ ಒಬ್ಲಿಕ್ವ ಎಂಬ ಕಂದುಬಣ್ಣದ ಪತಂಗದ ಮರಿ. ತಾಯಿ ಪತಂಗವು ಬೇಸಿಗೆಯ ಆರಂಭದಲ್ಲಿ ಎಲೆಯ ಮೇಲೆ ಮೊಟ್ಟೆಗಳನ್ನು ಗುಂಪಾಗಿಟ್ಟು, ತನ್ನ ಮೈಯ ರೋಮಗಳನ್ನೇ ಅವುಗಳ ಮೇಲೆ ಹೊದಿಸುತ್ತದೆ; ಹಸಿರೆಲೆಯ ಮೇಲೆ ಮಾಸಿದ ಬಣ್ಣದ ಮೆತ್ತನೆಯ ಆ ಮಚ್ಚೆಯನ್ನು ಒಮ್ಮೆ ಕಂಡವರು ಮತ್ತೆ ಮರೆಯರು. ಒಡೆದುಬಂದ ಮರಿಗಳು ಮೊದಲು ಎಲೆಯ ಎರಡು ಗೋಡೆಗಳ ನಡುವೆ, ನಾವು ಬ್ಲೇಡಿನಿಂದ ಕೊಯ್ದು ಕಂಡ ಆ ಗಾಳಿಕೋಣೆಗಳೊಳಗೆ, ಒಟ್ಟಾಗಿಯೇ ಮೇಯುತ್ತ ಕೆಳಗಿಳಿಯುತ್ತವೆ. ಆಗ ಎಲೆಯ ಮೇಲೆ ಕಂದಾದ ಉದ್ದನೆಯ ಪಟ್ಟೆ ಮೂಡುತ್ತದೆ. ಬೆಳೆದು ದೊಡ್ಡವಾದ ಮೇಲೆ ಅವು ಚದುರಿ, ಒಂದೊಂದೂ ಒಂದೊಂದು ದಂಟನ್ನು ಕೊರೆದು ಒಳಹೊಕ್ಕು, ಚಳಿಗಾಲವನ್ನು ಅಲ್ಲಿಯೇ ಕಳೆದು, ವಸಂತದಲ್ಲಿ ಕೋಶಾವಸ್ಥೆಗೆ ಹೋಗುತ್ತವೆ.

ಸಾಮಾನ್ಯವಾದ ಕಂಬಳಿಹುಳುವಿನ ಮೈಯ ಎರಡು ಪಕ್ಕಗಳಲ್ಲಿ ಚಿಕ್ಕ ಚಿಕ್ಕ ಉಸಿರುಗಂಡಿಗಳು ಸಾಲಾಗಿರುತ್ತವೆ. ಬೆಲ್ಯೂರ ಕುಲದ ಹುಳುಗಳಲ್ಲಿ ಹಿಂಬದಿಯ ಕೊನೆಯ ಜೋಡಿಯು ದೊಡ್ಡದಾಗಿ ಬೆನ್ನಿನ ಕಡೆಗೆ ತಿರುಗಿಕೊಂಡಿದೆ. ನೈದಿಲೆಯ ಎಲೆದಂಟನ್ನು ಕೊರೆಯುವ ಇದರ ದಾಯಾದಿಯೊಂದು ನೀರು ತುಂಬಿದ ಬಿಲದಲ್ಲಿ ತಲೆಕೆಳಗಾಗಿದ್ದು ಮೇಯುತ್ತ, ಉಸಿರು ಬೇಕಾದಾಗ ಹಿಂದುಹಿಂದಾಗಿ ಮೇಲಕ್ಕೆ ಸರಿದು, ಬಾಲವನ್ನು ಮಾತ್ರ ನೀರಿನಿಂದ ಹೊರಗಿಟ್ಟು ಗಾಳಿ ತೆಗೆದುಕೊಳ್ಳುತ್ತದೆ. ಜೊಂಡಿನ ಹುಳುವಿಗೆ ಇಷ್ಟು ಕಷ್ಟವೂ ಇಲ್ಲ. ಗಿಡ ತನ್ನ ಬೇರಿಗೆಂದು ಕಳಿಸುತ್ತಿರುವ ಗಾಳಿಯ ದಾರಿಯಲ್ಲೇ ಅದು ವಾಸವಾಗಿದೆ. ಹುಡುಗನ ಪರಂಗಿಯ ದಂಟಿನೊಳಗೇ ಒಂದು ಪ್ರಾಣಿ ಸೇರಿಕೊಂಡು, ಅವನ ಉಸಿರಿನಲ್ಲಿ ಪಾಲು ಪಡೆಯುತ್ತಿದೆ ಎನ್ನಬೇಕು. ನಮ್ಮ ಎರಡನೆಯ ಪ್ರಶ್ನೆಗೆ ಇದೇ ಉತ್ತರ.

ಯೂರೋಪಿನಲ್ಲಿ ಇದೇ ಸ್ಥಾನವನ್ನು ನಾನಾಗ್ರಿಯ ಟೈಫೆ ಎಂಬ ಪತಂಗ ವಹಿಸಿಕೊಂಡಿದೆ. ಅದರ ಕೋಶವು ದಂಟಿನೊಳಗೆ ತಲೆಕೆಳಗಾಗಿ ನಿಂತಿರುವುದು ಗುರುತು. ಹತ್ತಿರದ ಇತರ ಕೆಲವು ಜಾತಿಗಳಲ್ಲಿ ತಲೆ ಮೇಲಾಗಿರುತ್ತದೆ. ಕೋಶಕ್ಕೆ ಹೋಗುವ ಮೊದಲೇ ಹುಳುವು ದಂಟಿನ ಗೋಡೆಯನ್ನು ಒಳಗಿನಿಂದ ಕೊರೆದು, ಹೊರಚರ್ಮವನ್ನು ಮಾತ್ರ ತೆಳುವಾಗಿ ಉಳಿಸಿ, ಮುಂದೆ ಪತಂಗವಾದಾಗ ಹೊರಬರಲು ಕಿಟಕಿಯೊಂದನ್ನು ಸಿದ್ಧಪಡಿಸಿರುತ್ತದೆ. ಕೊರೆಯುವ ಬಾಯಿ ಪತಂಗಕ್ಕೆ ಇರುವುದಿಲ್ಲವೆಂಬುದನ್ನು ನೆನೆದರೆ ಈ ಮುನ್ನೇರ್ಪಾಡು ಯಾರಿಗಾದರೂ ವಿಸ್ಮಯ ತಾರದಿರದು.

ಬುಡವನ್ನು ತಿನ್ನುವ ಕಪ್ಪು ಮೂತಿಹುಳುಗಳೂ ಉಂಟು. ಅವುಗಳ ಕಾಲಿಲ್ಲದ ಬಿಳಿಯ ಮರಿಗಳು ದಂಟು ಗುಪ್ತಕಾಂಡಗಳು ಕೂಡುವಲ್ಲಿ ಸಿಕ್ಕುತ್ತವೆ. ಅವುಗಳಿಂದ ಇಡೀ ಕೊಳದ ಜೊಂಡು ಹಾಳಾಗುವುದು ಅಪರೂಪ.

ಬೇರಿಗೆ ಚುಚ್ಚಿ ಉಸಿರಾಡುವವರು

ಇನ್ನೂ ಆಳಕ್ಕೆ ಹೋದರೆ ಗಾಳಿಯ ಕಳವು ಇನ್ನೂ ಸ್ಪಷ್ಟವಾಗುತ್ತದೆ. ಡೋನೇಸಿಯ ಎಂಬ ಕುಲದ ದುಂಬಿಗಳು ಲೋಹದ ಹೊಳಪುಳ್ಳವು. ಎಲೆಯ ಮೇಲೆ ಬಿಸಿಲು ಕಾಯಿಸುತ್ತ ಕುಳಿತಿರುವಾಗ ನೋಡಲು ಸುಂದರ. ಅವುಗಳ ಮರಿಗಳು ಬಾಳುವುದು ಮಾತ್ರ ಕೆಸರಿನೊಳಗೆ, ನೀರುಗಿಡಗಳ ಬೇರಿನ ಮೇಲೆ. ಮರಿಯ ಹಿಂದುಗಡೆ ಎರಡು ಟೊಳ್ಳಾದ ಕೊಕ್ಕೆಗಳಿವೆ. ಅವನ್ನು ಬೇರಿಗೆ ಚುಚ್ಚಿ, ಗಾಳಿಗೂಡಿನೊಳಕ್ಕೆ ತೂರಿಸಿ, ಅಲ್ಲಿಂದ ಉಸಿರನ್ನು ಹೀರುತ್ತದೆ. ಕೋಶಾವಸ್ಥೆಗೆ ಹೋಗುವಾಗ ಅದು ಬೇರಿಗೆ ಅಂಟಿಸಿ ಕಟ್ಟುವ ಗೂಡೂ ನೀರಿಲ್ಲದೆ, ಬೇರಿನಿಂದ ಬಂದ ಗಾಳಿಯಿಂದಲೇ ತುಂಬಿರುತ್ತದೆ. ಬುಡವನ್ನು ಕಿತ್ತು ತೊಳೆದಾಗ ಬೇರಿಗೆ ಅಂಟಿದ ಕಂದುಬಣ್ಣದ ನೀಳ್ಗುಂಡಾದ ಗೂಡುಗಳು ಕಂಡರೆ ಸಂದೇಹಕ್ಕೆ ಎಡೆಯಿಲ್ಲ.

ಇದೇ ಉಪಾಯವನ್ನು ಕೆಲವು ಸೊಳ್ಳೆಗಳೂ ಕಲಿತಿವೆ. ಸಾಮಾನ್ಯ ಸೊಳ್ಳೆಯ ಮರಿ ನೀರಿನ ಮೇಲ್ಮೈಗೆ ಬಂದು ಉಸಿರಾಡುವುದರಿಂದ, ಮೇಲೆ ಎಣ್ಣೆ ಹರಡಿ ಅದನ್ನು ಕೊಲ್ಲಬಹುದು. ಅಮೆರಿಕದ ಜೊಂಡಿನ ಜವುಗುಗಳಲ್ಲಿ ಹುಟ್ಟುವ ಕಾಕ್ವಿಲೆಟಿಡಿಯ ಪರ್ಟರ್ಬನ್ಸ್ ಎಂಬ ಸೊಳ್ಳೆಯ ಮರಿ ಮೇಲೆ ಬರುವುದೇ ಇಲ್ಲ. ಗರಗಸದ ಅಂಚುಳ್ಳ ತನ್ನ ಉಸಿರುಕೊಳವೆಯನ್ನು ಜೊಂಡಿನ ಬೇರಿಗೆ ಚುಚ್ಚಿಕೊಂಡು ಚಳಿಗಾಲವನ್ನೆಲ್ಲ ಅಲ್ಲಿಯೇ ಕಳೆಯುತ್ತದೆ. ಎಣ್ಣೆಯಿಂದ ಅದಕ್ಕೆ ಏನೂ ಆಗದು. ನಮ್ಮ ನೆರೆಯ ಕೇರಳದ ಚೇರ್ತಲದ ಸುತ್ತ ಆನೆಕಾಲು ರೋಗವನ್ನು ಹರಡುತ್ತಿದ್ದ ಮ್ಯಾನ್ಸೋನಿಯ ಸೊಳ್ಳೆಗಳೂ ಇದೇ ಬಗೆಯವು. ಅವು ಆಶ್ರಯಿಸಿದ್ದು ಜೊಂಡನ್ನಲ್ಲ, ಅಂತರಗಂಗೆಯನ್ನು. ಅಲ್ಲಿ ಸೊಳ್ಳೆಯನ್ನು ಅಡಗಿಸಲು ಕೊಳಗಳಿಂದ ಅಂತರಗಂಗೆಯನ್ನೇ ತೆಗೆಸಬೇಕಾಯಿತು. ಉಸಿರಿನ ಮೂಲವನ್ನು ತೆಗೆದರೆ ಉಸಿರಾಡುವವನೂ ಹೋಗುತ್ತಾನೆ.

ಕದಿರಿನಲ್ಲಿ ಮತ್ತು ಎಲೆಯ ಮೇಲೆ

ನೀರಿನಿಂದ ಮೇಲಕ್ಕೆ ಬಂದರೆ ಉಸಿರಿನ ಚಿಂತೆಯಿಲ್ಲ. ಅಲ್ಲಿನ ಕೀಟಗಳ ಕಥೆ ಬೇರೆ. ಜೊಂಡಿನ ಒಂದು ಕದಿರಿನಲ್ಲಿ ಎರಡು ಲಕ್ಷಕ್ಕೂ ಮೀರಿದ ಬೀಜಗಳಿರುವುದುಂಟು. ಅವು ಮಾಗಿದ ಮೇಲೆ ನವಿರಾದ ಕೂದಲುಗಳ ಸಹಾಯದಿಂದ ಗಾಳಿಯಲ್ಲಿ ತೇಲಿಹೋಗಿ, ಕದಿರು ಬರಿಯ ಕಡ್ಡಿಯಾಗುತ್ತದೆ. ಆದರೆ ಕೆಲವು ಕದಿರುಗಳು ಚಳಿಗಾಲ ಕಳೆದರೂ ಚದುರದೆ, ಹತ್ತಿಯ ಮುದ್ದೆಯನ್ನು ಹೊತ್ತುಕೊಂಡೇ ನಿಂತಿರುತ್ತವೆ. ಅಂಥದೊಂದನ್ನು ಬಿಡಿಸಿ ನೋಡಿದರೆ, ಬೀಜದ ಕೂದಲುಗಳನ್ನು ರೇಷ್ಮೆಯ ಎಳೆಗಳಿಂದ ಒಂದಕ್ಕೊಂದು ಬಿಗಿದಿರುವುದೂ, ಒಳಗೆ ಕಂದುಗೆರೆಗಳುಳ್ಳ ಕೆನೆಬಣ್ಣದ ಚಿಕ್ಕ ಚಿಕ್ಕ ಹುಳುಗಳು ಬೆಚ್ಚಗೆ ಅಡಗಿರುವುದೂ ತಿಳಿಯುತ್ತದೆ. ಲಿಮ್ನೇಸಿಯ ಫ್ರಾಗ್ಮಿಟೆಲ್ಲ ಎಂಬ ಕಿರುಪತಂಗದ ಮರಿಗಳಿವು. ಯೂರೋಪ್, ಉತ್ತರ ಅಮೆರಿಕ, ಆಸ್ಟ್ರೇಲಿಯಗಳಲ್ಲೆಲ್ಲ ಇವೆ. ಬೀಜವನ್ನು ತಿನ್ನುತ್ತವೆ, ಗಿಡಕ್ಕೆ ಮಾತ್ರ ಯಾವ ಕೇಡನ್ನೂ ಮಾಡವು. ಹಿಮ ಬಿದ್ದ ದಿನಗಳಲ್ಲಿ ಚಿಕ್ಕ ಹಕ್ಕಿಗಳು ಈ ಕದಿರುಗಳನ್ನು ಕುಕ್ಕಿ ಕುಕ್ಕಿ ಹುಳುಗಳನ್ನು ಹೆಕ್ಕುತ್ತವೆ. ಇವನ್ನು ಪೀಡೆಯೆಂದು ಎಣಿಸುವುದೇ ತಪ್ಪು ಎಂದು ನನಗೆ ತೋರುತ್ತದೆ.

ಕೊಳದ ಯಜಮಾನನನ್ನು ನಿಜವಾಗಿ ಕಂಗೆಡಿಸುವುದು ಗಿಡಹೇನು. ಎಲೆಗಳ ಬುಡದಲ್ಲಿ ಒತ್ತೊತ್ತಾಗಿ ಕುಳಿತು ರಸ ಹೀರುವ ಈ ಪ್ರಾಣಿಗಳ ಅಂಟಾದ ವಿಸರ್ಜನೆಯ ಮೇಲೆ ಮಸಿಬಣ್ಣದ ಬೂಷ್ಟು ಬೆಳೆದು ಎಲೆ ಕಪ್ಪಾಗುತ್ತದೆ. ಬೂದಿ ಸವರಿದ ತಿಳಿಹಸಿರು ಮೈಯಿದ್ದರೆ ಅದು ಹಯಾಲೊಪ್ಟೆರಸ್ ಪ್ರೂನಿ. ಕೆಂಗಂದು ಅಥವಾ ಕಡುಹಸಿರಾಗಿದ್ದರೆ ಬಹುಶಃ ರೋಪಲೊಸೈಫಮ್ ನಿಂಫಿಯೆ, ನಮ್ಮ ದೇಶದ ತಾವರೆಗೊಳಗಳಲ್ಲಿಯೂ ಕಾಣಸಿಗುವ ಹೇನು. ಇವೆರಡೂ ಶೀತದೇಶಗಳಲ್ಲಿ ಚಳಿಗಾಲವನ್ನು ಕಳೆಯುವುದು ಜೊಂಡಿನ ಮೇಲಲ್ಲ, ಪ್ಲಮ್ ಜಾತಿಯ ಮರಗಳ ಮೇಲೆ. ಮೊಟ್ಟೆಗಳು ಆ ಮರಗಳ ಮೊಗ್ಗುಗಳ ಬಳಿ ಕಾದಿದ್ದು, ವಸಂತದಲ್ಲಿ ಒಡೆದು, ಬೇಸಿಗೆಯಲ್ಲಿ ರೆಕ್ಕೆಯುಳ್ಳ ಹೇನುಗಳು ನೀರಿನ ಕಡೆಗೆ ಹಾರಿಬರುತ್ತವೆ. ಶರತ್ಕಾಲದಲ್ಲಿ ಮತ್ತೆ ಮರಕ್ಕೆ ಹಿಂದಿರುಗುತ್ತವೆ. ಜೊಂಡಿನಲ್ಲಿ ಹೇನು ತುಂಬಿತೆಂದು ದೂರುವವರು ಹಿತ್ತಲಿನ ಪ್ಲಮ್ ಮರವನ್ನೂ ಒಮ್ಮೆ ಪರೀಕ್ಷಿಸುವುದು ಲೇಸು.

ಕುಡುಗೋಲಿನ ಎತ್ತರ

ಹತೋಟಿಯ ಮಾತು ಬಂದೊಡನೆ ಔಷಧಿಯ ಡಬ್ಬಿಗೆ ಕೈಚಾಚುವುದು ಇಂದಿನ ರೂಢಿ. ಜೊಂಡಿನ ವಿಷಯದಲ್ಲಿ ಅದಕ್ಕಿಂತ ಅವಿವೇಕ ಬೇರೆಯಿಲ್ಲ. ಎಲೆಗೆ ಸಿಂಪಡಿಸಿದುದು ನೀರಿಗೆ ಬೀಳದಿರದು. ಪೈರಿಥ್ರಾಯ್ಡ್ ವರ್ಗದ ವಿಷಗಳು ಅತ್ಯಲ್ಪ ಪ್ರಮಾಣದಲ್ಲಿಯೇ ಮೀನುಗಳನ್ನೂ ನೀರಿನ ಕಿರುಜೀವಿಗಳನ್ನೂ ಕೊಲ್ಲುತ್ತವೆ. ನಿರಪಾಯವೆಂದು ಹೆಸರಾದ ಸಾಬೂನಿನ ದ್ರಾವಣವೂ ಮೀನಿಗೆ ಹಿತವಲ್ಲ. ಇಷ್ಟಾಗಿಯೂ ದಂಟಿನೊಳಗಿನ ಹುಳುವಿಗೆ ಅದು ತಲುಪುವುದಿಲ್ಲ. ಕಂಬಳಿಹುಳುಗಳನ್ನು ಮಾತ್ರ ಕೊಲ್ಲುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯದ ತಳಿಯೂ ಹುಳು ತಿಂದರೆ ಮಾತ್ರ ಫಲಕಾರಿ. ಗೋಡೆಯ ಹೊರಗೆ ಸಿಂಪಡಿಸಿದುದನ್ನು ಗೋಡೆಯೊಳಗಿನ ಹುಳು ತಿನ್ನುವುದು ಹೇಗೆ?

ಹೇನಿಗೆ ನೀರೇ ಸಾಕಾದ ಮದ್ದು. ಕೊಳವೆಯಿಂದ ರಭಸವಾಗಿ ನೀರು ಬಿಟ್ಟು ಅವನ್ನು ಉದುರಿಸಿದರೆ, ಅಥವಾ ಎಲೆಗಳನ್ನು ಬಾಗಿಸಿ ಕೆಲಕಾಲ ನೀರಿನಲ್ಲಿ ಅದ್ದಿ ಹಿಡಿದರೆ, ಉದುರಿದವುಗಳಲ್ಲಿ ಬಹುಪಾಲನ್ನು ಮೀನುಗಳು ತಿಂದು ಮುಗಿಸುತ್ತವೆ. ಉಳಿದವನ್ನು ಗುಲಗಂಜಿ ಹುಳುಗಳೂ ಪರೋಪಜೀವಿ ಕಣಜಗಳೂ ನೋಡಿಕೊಳ್ಳುತ್ತವೆ. ಕೊಳದ ನೀರಿಗೆ ಗೊಬ್ಬರ ಸೇರದಂತೆ ನೋಡಿಕೊಳ್ಳುವುದೂ ಮುಖ್ಯ. ಸಾರಜನಕ ಹೆಚ್ಚಾಗಿ ಕೊಬ್ಬಿ ಬೆಳೆದ ಎಲೆಯೇ ಹೇನಿಗೆ ಪ್ರಿಯವಾದುದು.

ಕೊರಕ ಹುಳುವನ್ನು ಹಿಡಿಯಬೇಕಾದುದು ಅದು ಎಲೆಯಲ್ಲಿರುವಾಗ. ಬೇಸಿಗೆಯ ಮೊದಲಲ್ಲಿ ರೋಮ ಹೊದೆದ ಮೊಟ್ಟೆಯ ಮಚ್ಚೆಗಳನ್ನೂ ಆಮೇಲೆ ಕಂದುಪಟ್ಟೆಗಳನ್ನೂ ಹುಡುಕಿ, ಆ ಎಲೆಗಳನ್ನು ಪಟ್ಟೆಗಿಂತ ಒಂದು ಗೇಣು ಕೆಳಗೆ ಕತ್ತರಿಸಿ ಸುಟ್ಟರೆ, ಒಂದೊಂದು ಎಲೆಯೊಡನೆ ಒಂದೊಂದು ಸಂಸಾರವೇ ನಾಶವಾಗುತ್ತದೆ. ಚದುರಿ ದಂಟು ಹೊಕ್ಕ ಮೇಲೆ ಸುಳಿ ಬಾಡಿದ ದಂಟುಗಳನ್ನು ಒಂದೊಂದಾಗಿ ಕಿತ್ತು ತೆಗೆಯುವುದರ ಹೊರತು ಗತಿಯಿಲ್ಲ. ಚಳಿಗಾಲದಲ್ಲಿ, ಪತಂಗಗಳು ಹೊರಡುವ ಮೊದಲು, ಒಣದಂಟುಗಳನ್ನು ಕೊಯ್ದು ದೂರ ಸಾಗಿಸಿದರೆ ಅವುಗಳಲ್ಲಿ ತಂಗಿರುವ ಹುಳುಗಳೂ ಹೋಗುತ್ತವೆ.

ಇಲ್ಲಿಯೇ ನಾನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಲು ಹೇಳಿದ ಅಂಶದ ಪ್ರಯೋಜನ. ಒಣದಂಟು ಗುಪ್ತಕಾಂಡದ ಉಸಿರಿನ ದಾರಿ. ಹುಳುವನ್ನೆಲ್ಲ ನಿರ್ಮೂಲ ಮಾಡುವ ಉತ್ಸಾಹದಲ್ಲಿ ಅದನ್ನು ನೀರಿನ ಒಳಗೆ ಕೊಯ್ದರೆ, ತೆರೆದ ಬಾಯಲ್ಲಿ ನೀರು ತುಂಬಿ, ಹುಳುವಿನೊಡನೆ ಗಿಡವೂ ಸಾಯುವುದು. ಹುಡುಗನ ಪರಂಗಿ ದಂಟಿನ ಮೇಲಿನ ತುದಿ ನೀರಿನಲ್ಲಿ ಮುಳುಗಿದಾಗ ಆಗುವುದು ಗಿಡಕ್ಕೂ ಆಗುತ್ತದೆ. ಆದುದರಿಂದ ಜೊಂಡು ಬೇಕೆನ್ನುವವರು ಅತ್ಯುಚ್ಚ ನೀರಿನ ಮಟ್ಟಕ್ಕಿಂತ ಒಂದು ಗೇಣಾದರೂ ಮೇಲೆ ಕೊಯ್ಯಬೇಕು; ಮಳೆ ಬಂದು ಕೊಳ ಏರಿದರೂ ಆ ಮೋಟು ಮುಳುಗಬಾರದು. ಮೋಟಿನಲ್ಲಿ ಕೆಲವು ಹುಳುಗಳು ಉಳಿದರೆ ಉಳಿಯಲಿ. ಬಲವಾಗಿ ಬೇರೂರಿದ ಜೊಂಡು ಅಷ್ಟು ನಷ್ಟವನ್ನು ಸಹಿಸಿಕೊಳ್ಳುತ್ತದೆ. ಬೇರಿನ ಡೋನೇಸಿಯಕ್ಕೆ ಬೇರೆ ಚಿಕಿತ್ಸೆಯಿಲ್ಲ. ಕುಂಡದಲ್ಲಿ ನೆಟ್ಟ ಗಿಡವಾದರೆ ಎತ್ತಿ, ಬೇರು ತೊಳೆದು, ಗೂಡುಗಳನ್ನು ಬಿಡಿಸಿ, ಹೊಸ ಮಣ್ಣಿನಲ್ಲಿ ನೆಟ್ಟರೆ ಸಾಕು.

ನಮ್ಮ ನಾಡಿನಲ್ಲಿ ಪ್ರಶ್ನೆ ಹೆಚ್ಚಾಗಿ ತಿರುವುಮುರುವಾಗಿದೆ. ಊರಿನ ಕೊಳಚೆನೀರು ಸೇರುವ ಕೆರೆಗಳಲ್ಲಿ ಜೊಂಡು ಹಬ್ಬಿ ನೀರೇ ಕಾಣದಾಗಿದೆ; ಕೀಟಗಳ ಬಾಧೆಯಿಂದ ಅದು ಕಡಮೆಯಾದೀತೆಂದು ನಿರೀಕ್ಷಿಸುವಂತಿಲ್ಲ. ಬೆಂಗಳೂರಿನ ಜಕ್ಕೂರು ಕೆರೆಯ ತಲೆಯಲ್ಲಿ ಶುದ್ಧೀಕರಣಗೊಂಡು ಬರುವ ನೀರನ್ನು ಮತ್ತಷ್ಟು ತಿಳಿಗೊಳಿಸಲು ಜೊಂಡಿನ ಜವುಗನ್ನು ಉಳಿಸಿಕೊಂಡಿರುವುದುಂಟು. ಅಂಥಲ್ಲಿ ಕಾಲಕಾಲಕ್ಕೆ ನೀರಿನ ಮೇಲೆ ಕೊಯ್ದು, ಅದು ಹೀರಿದ ಸಾರವನ್ನು ಕೆರೆಯಿಂದ ಹೊರಕ್ಕೆ ಸಾಗಿಸಬೇಕು. ಜೊಂಡು ಹೋಗಲೇಬೇಕೆನ್ನುವ ಕೆರೆಗಳಲ್ಲಿಯಾದರೋ, ಕೂಲಿಯವರು ನೀರಿನ ಮೇಲ್ಮಟ್ಟದಲ್ಲಿ ಕುಡುಗೋಲು ಆಡಿಸಿ ಹೋಗುವುದರಿಂದ, ಬೇರಿಗೆ ಗಾಳಿಯ ದಾರಿ ತೆರೆದೇ ಉಳಿದು, ತಿಂಗಳೊಪ್ಪತ್ತಿನಲ್ಲಿ ಹೊಸ ಚಿಗುರು ಮೇಲೇಳುತ್ತದೆ. ಅದರ ಬದಲು ಬೇಸಿಗೆಯ ಕೊನೆಯಲ್ಲಿ ನೀರು ಇಳಿದಾಗ, ಹಸಿದಂಟು ಒಣದಂಟು ಎನ್ನದೆ ಎಲ್ಲವನ್ನೂ ನೆಲಮಟ್ಟಕ್ಕೆ ಕೊಯ್ದು, ಮುಂಗಾರಿನ ನೀರು ಮೋಟುಗಳ ಮೇಲೆ ನಿಲ್ಲುವಂತೆ ಮಾಡಬೇಕು. ಜಂಬುಕೋಳಿಯೂ ಗೀಜಗದ ಬಳಗದ ಹಕ್ಕಿಗಳೂ ಗೂಡು ಕಟ್ಟುವುದು ಮಳೆಗಾಲದ ಜೊಂಡಿನಲ್ಲಿಯೇ ಆದುದರಿಂದ, ಕೆರೆಯ ಒಂದು ಮೂಲೆಯನ್ನು ಕುಡುಗೋಲು ಮುಟ್ಟದೆ ಬಿಡುವುದು ಅವಶ್ಯ.